ನಂಬರಿಲ್ಲದ ವಾಚು

ನನ್ನ ಬಾಯಿ ಸರಿಯಿಲ್ಲ ಅನ್ನುವುದು ನಮ್ಮ ಲಾ ಕೊಂಬೆತ್ ಊರಿಗೆಲ್ಲ ಗೊತ್ತು. ಮೂವತ್ತೈದು ವರ್ಷದಿಂದ ಬೀದಿ ಕಡೆಯ ಕಿಟಕಿಗೆ ಮೇಜು ಹಾಕಿಕೊಂಡು ವಾಚ್ ರಿಪೇರಿ ಮಾಡುತ್ತಿದ್ದೇನೆ. ಅಜ್ಜ ಬಿಟ್ಟುಹೋದ ವಾಚು, ಮಾವ ಕೊಟ್ಟ ವಾಚು ಅಂತ ಕರವಸ್ತ್ರದಲ್ಲಿ ಸುತ್ತಿ ತರುವವರಿಗೆ ಲೆಕ್ಕವಿಲ್ಲ. ಎಲ್ಲರಿಗೂ ತಮ್ಮದು ಅರಮನೆಯ ಬೆಲೆ ಬಾಳುತ್ತದೆ ಅನ್ನುವ ಆಸೆ. "ಅಜ್ಜನ ನೆನಪಿಗೆ ಇಟ್ಕೊಳ್ಳಿ, ಟೈಮ್ ನೋಡೋಕೆ ಚರ್ಚಿನ ಗಂಟೆ ಇದೆ" ಅಂತ ಹೇಳಿ ಕಳಿಸುತ್ತೇನೆ. ಬೈದುಕೊಂಡು ಹೋಗುತ್ತಾರೆ, ಮತ್ತೆ ನನ್ನ ಹತ್ತಿರವೇ ಬರುತ್ತಾರೆ. ಬರದೆ ಎಲ್ಲಿಗೆ ಹೋಗುತ್ತಾರೆ? ಊರಲ್ಲಿ ಇದ್ದ ವಾಚಿನ ಕಾರ್ಖಾನೆ ಮುಚ್ಚಿ ಹದಿನೈದು ವರ್ಷವಾಯಿತು, ಉಳಿದ ರಿಪೇರಿಯವನು ನಾನೊಬ್ಬನೇ.

ಹೋದ ಮಾರ್ಚ್ ತಿಂಗಳು, ಸೂರಿನ ಹಿಮ ಕರಗಿ ತೊಟ್ಟಿಕ್ಕುತ್ತಿದ್ದ ಒಂದು ಬುಧವಾರ, ಅರ್ಲೆತ್ ಕಲಾಮ್ ಅಂಗಡಿಯ ಬಾಗಿಲು ತಳ್ಳಿ ಒಳಗೆ ಬಂದಳು. ನನ್ನ ಕೈಯಲ್ಲಿದ್ದ ಚಿಮಟ ಬಿದ್ದೇ ಹೋಯಿತು. ಅವಳು ನಮ್ಮೂರಿನ ಅಂಚೆ ಹಂಚುವವಳು. ದಿನಾ ನನ್ನ ಕಿಟಕಿಯ ಮುಂದೆ ಹಾದುಹೋಗುತ್ತಾಳೆ, ಡಬ್ಬಿಗೆ ಕಾಗದ ಹಾಕುತ್ತಾಳೆ, ಕತ್ತು ಇತ್ತ ತಿರುಗಿಸುವುದಿಲ್ಲ. ನಾವು ಒಂದೇ ಶಾಲೆಯಲ್ಲಿ ಓದಿದವರು, ನಾನು ಎರಡು ವರ್ಷ ಮುಂದೆ. ಆದರೂ ಈ ಹೊಸ್ತಿಲು ಅವಳು ತುಳಿದದ್ದು ಅದೇ ಮೊದಲು.

"ಅಮ್ಮನದು" ಅಂದು ಮೇಜಿನ ಮೇಲೆ ಒಂದು ವಾಚಿಟ್ಟಳು. "ಹೋಗಿ ವರ್ಷ ಆಯ್ತು. ಬ್ರೆಡ್ಡಿನ ಡಬ್ಬಿ ತಳದಲ್ಲಿ, ಬಟ್ಟೆ ಕೆಳಗೆ ಇತ್ತು. ಮೇಲೆ ಚೀಟಿ, 'ಅರ್ಲೆತ್‌ಗೆ' ಅಂತ. ಅಷ್ಟೇ. ಇದು ಏನು ಅಂತ ಹೇಳಿ, ನ್ಯೂಮಾ ಅವರೇ."

"ನ್ಯೂಮಾ ಅವರೇ ಅಂತೆ! ಸರಿ. ಬೆಲೆ ಹೇಳ್ಬೇಕಾ?"

"ಬೆಲೆ ಯಾರಿಗೆ ಬೇಕು. ಕದ್ದದ್ದೋ ಅಲ್ವೋ, ಅಷ್ಟು ಹೇಳಿ. ಕದ್ದದ್ದಾದ್ರೆ ನಾಳೆನೇ ಊರ ಕಚೇರಿಗೆ ಕೊಟ್ಟು ಕೈ ತೊಳ್ಕೊಳ್ತೀನಿ. ಕದ್ದ ಸಾಮಾನು ಮನೇಲಿಟ್ಕೊಂಡು ಅಮ್ಮನ ಫೋಟೋಗೆ ಹೂ ಇಡೋಕೆ ನನ್ನ ಕೈಲಾಗಲ್ಲ."

ಅವಳ ಅಮ್ಮ ಎಡ್ಮೆ ಕಲಾಮ್ ಯಾರು ಅಂತ ಹೇಳದೆ ಮುಂದೆ ಹೋಗುವ ಹಾಗಿಲ್ಲ. ವಾಚಿನೊಳಗೆ ತೂಗುಚಕ್ರ ಅಂತ ಒಂದಿರುತ್ತದೆ, ಅತ್ತ ಇತ್ತ ಆಡುತ್ತಲೇ ಇರುವ ಚಕ್ರ. ಅದನ್ನು ಆಡಿಸುವುದು ಕೂದಲಿಗಿಂತ ಸಣ್ಣಗಿನ ಒಂದು ಉಕ್ಕಿನ ಸುರುಳಿ. ಆ ಸುರುಳಿಯನ್ನು ಬಾಗಿಸಿ, ಕತ್ತರಿಸಿ, ಚಕ್ರಕ್ಕೆ ಕೂರಿಸುವ ಕೆಲಸ ನಮ್ಮ ಕಡೆ ಹೆಂಗಸರದು. ಮನೆಯಲ್ಲೇ ಕೂತು ಮಾಡುವ ಕೆಲಸ, ಡಜನ್ನಿಗೆ ಇಷ್ಟು ಅಂತ ಕೂಲಿ. ಎಡ್ಮೆಯ ಗಂಡ ಕಾಡಿನಲ್ಲಿ ಮರ ಬಿದ್ದು ಸತ್ತಾಗ ಅರ್ಲೆತ್ ತೊಟ್ಟಿಲಲ್ಲಿದ್ದಳು. ಎಡ್ಮೆ ಬಡಗಣ ಕಿಟಕಿಗೆ ಮೇಜು ಎಳೆದುಕೊಂಡು ಕೂತವಳು ಹನ್ನೊಂದು ವರ್ಷ ಏಳಲಿಲ್ಲ.

ಅವಳ ಮನೆಗೆ ನೇರ ನುಗ್ಗುವ ಹಾಗೆ ಇರಲಿಲ್ಲ. ಬಾಗಿಲು ತೆಗೆದರೆ ಗಾಳಿ, ಗಾಳಿ ಬಂದರೆ ಸುರುಳಿ ಹಾರಿಹೋಗುತ್ತದೆ. ಹೊರಗೆ ನಿಂತು "ಬರ್ಲಾ?" ಅನ್ನಬೇಕು, ಒಳಗಿಂದ "ಬಾ" ಅಂದ ಮೇಲೆ ಒಳಗೆ ಹೋಗಬೇಕು. ಒಮ್ಮೆ ಪಾದ್ರಿಗಳನ್ನೇ ಹಿಮ ಬೀಳುವಾಗ ಹತ್ತು ನಿಮಿಷ ಹೊರಗೆ ನಿಲ್ಲಿಸಿದ್ದಳಂತೆ. ಕೊನೆಗೆ ಬಾಗಿಲು ತೆರೆದಾಗ ಟೋಪಿಯಿಂದ ಬೂಟಿನವರೆಗೆ ಬೆಳ್ಳಗಾಗಿದ್ದ ಪಾದ್ರಿಗಳು, "ಎಡ್ಮೆ, ಸ್ವರ್ಗದ ಬಾಗ್ಲಾದ್ರೂ ಇಷ್ಟು ಕಾಯ್ಸಲ್ಲಮ್ಮ" ಅಂದರಂತೆ. ಭಾರ ಎತ್ತಿದರೆ ಕೈ ನಡುಗುತ್ತದೆ ಅಂತ ಅವಳು ಸೌದೆ ಹೊರುತ್ತಿರಲಿಲ್ಲ, ನೀರಿನ ಬಕೆಟ್ ಎತ್ತುತ್ತಿರಲಿಲ್ಲ. ಅದೆಲ್ಲ ಪುಟ್ಟ ಅರ್ಲೆತ್ ಪಾಲಿಗೆ. ಊರವರು ಬೆನ್ನ ಹಿಂದೆ "ರಾಣಿ ಎಡ್ಮೆ" ಅಂತ ಆಡಿಕೊಳ್ಳುತ್ತಿದ್ದರು. ಶನಿವಾರ ಮಾತ್ರ ರಾಣಿ ಸಿದ್ಧಮಾಡಿದ ಚಕ್ರಗಳ ಪೆಟ್ಟಿಗೆಯನ್ನು ಕೋಟಿನೊಳಗೆ ಎದೆಗೆ ಅವುಚಿಕೊಂಡು, ಚಳಿ ತಾಗದ ಹಾಗೆ, ಕಾರ್ಖಾನೆಗೆ ನಡೆದು ಹೋಗುತ್ತಿದ್ದಳು. ಅವಳು ಕೂರಿಸಿದ ಸುರುಳಿಗಳಿಗೆ, ಯಾವ ವಾಚು ಎಷ್ಟು ಕರಾರುವಾಕ್ಕಾಗಿ ನಡೆಯುತ್ತದೆ ಅಂತ ನೋಡುವ ಪರೀಕ್ಷೆಗಳಲ್ಲಿ ಬಹುಮಾನ ಬಂದಿತ್ತು ಅಂತ ನನ್ನಪ್ಪ ಹೇಳುತ್ತಿದ್ದ. ಪ್ರಶಸ್ತಿಪತ್ರದಲ್ಲಿ ಮಾತ್ರ ಯಾವುದೋ ಗಂಡಸಿನ ಹೆಸರು.

ಐವತ್ತೈದನೇ ಇಸವಿಯಲ್ಲಿ ಕಾರ್ಖಾನೆಯಿಂದ ವಾಚಿನೊಳಗೆ ಕೂರಿಸುವ ಒಂದು ಯಂತ್ರ ಕಾಣೆಯಾಯಿತು. ಪರೀಕ್ಷೆಗೆ ಕಳಿಸಬೇಕಿದ್ದದ್ದು, ಇನ್ನೂ ನಂಬರ್ ಹೊಡೆದಿರಲಿಲ್ಲ. ಕೊನೆಗೆ ಅದು ಹೋಗಿದ್ದು ಎಡ್ಮೆಯ ಮನೆಗೆ ಅಂತ ಮೇಸ್ತ್ರಿ ಹೇಳಿದ. ಪೊಲೀಸರು ಬರಲಿಲ್ಲ, ಯಾರೂ ಜಗಳವಾಡಲಿಲ್ಲ. ಮುಂದಿನ ಶನಿವಾರ ಅವಳಿಗೆ ಹೊಸ ಕೆಲಸದ ಪೆಟ್ಟಿಗೆ ಕೊಡಲಿಲ್ಲ, ಅಷ್ಟೇ. ನಮ್ಮೂರಲ್ಲಿ ಅಷ್ಟು ಸಾಕು. ಆಮೇಲೆ ಎಡ್ಮೆ ಮೂವತ್ತು ವರ್ಷ ಕ್ಷಯದ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದಳು. ಕ್ಷಾರದ ನೀರಿಗೆ ಬೆರಳೆಲ್ಲ ಒಡೆದು, ಗಂಟು ಕಟ್ಟಿ, ಚರ್ಚಿನಲ್ಲಿ ಹಾಡಿನ ಪುಸ್ತಕದ ಹಾಳೆ ಮಗುಚಲೂ ಒದ್ದಾಡುವುದನ್ನು ನಾನೇ ನೋಡಿದ್ದೇನೆ. ಕದ್ದಿಲ್ಲ ಅಂತ ಅವಳು ಯಾರಿಗೂ ಹೇಳಿದವಳಲ್ಲ. ಯಾರೂ ಕೇಳಿದವರೂ ಅಲ್ಲ.

ಆ ಎಡ್ಮೆಯ ವಾಚು ಈಗ ನನ್ನ ಮೇಜಿನ ಮೇಲಿತ್ತು. ಗಂಡಸರ ಅಳತೆಯದು, ಸಾದಾ ಉಕ್ಕಿನ ಕವಚ, ಬಿಳಿ ಡಯಲ್ಲು, ಸಪೂರ ಮುಳ್ಳು. ಮುಖದ ಮೇಲೆ ಯಾವ ಹೆಸರೂ ಇಲ್ಲ. ಸಂತೆಯಲ್ಲಿ ಇಟ್ಟರೆ ಹತ್ತು ಫ್ರಾಂಕಿಗೂ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ಎಬ್ಬಿಸಿದೆ. ಒಳಗಿನ ಯಂತ್ರ ಕಂಡ ಕೂಡಲೇ ಗುರುತು ಹತ್ತಿತು. ನಮ್ಮೂರ ಕಾರ್ಖಾನೆಯದೇ, ಆ ಕಾಲದ ಅತ್ಯುತ್ತಮ ಮಾದರಿ. ಆದರೆ ನಂಬರ್ ಇರಬೇಕಾದ ಜಾಗ ನುಣ್ಣಗಿತ್ತು.

ನಮ್ಮವರಿಗೆ ನಂಬರ್ ಅಂದರೆ ನಾಮಕರಣ ಇದ್ದ ಹಾಗೆ. ನಂಬರ್ ಹೊಡೆದ ಮೇಲೇ ಯಂತ್ರ ಕಾರ್ಖಾನೆಯ ಗೇಟು ದಾಟುವುದು. ನಂಬರಿಲ್ಲದ್ದು ಹೊರಗೆ ಕಂಡರೆ ಹೇಗೆ ಬಂತು ಅಂತ ಈ ಊರಿನ ಹಾಲು ಮಾರುವವಳೂ ಹೇಳುತ್ತಾಳೆ. ನಾನು ಎರಡನೇ ಸಲ ಯೋಚಿಸಲಿಲ್ಲ.

"ನಮ್ಮ ಕಾರ್ಖಾನೇದೇ. ನಂಬರ್ ಇಲ್ಲ" ಅಂದುಬಿಟ್ಟೆ.

"ಅಂದ್ರೆ?"

"ಅಂದ್ರೆ ಅದೇ."

ಅರ್ಲೆತ್‌ಳ ಮುಖ ಸುಣ್ಣದ ಹಾಗಾಯಿತು. ಅವಳು ಅಳಲಿಲ್ಲ. ಕೈ ಮುಂದೆ ಚಾಚಿ "ಕೊಡಿ" ಅಂದಳು. ನಾನು ವಾಚನ್ನು ನನ್ನ ಕಡೆಗೆ ಎಳೆದುಕೊಂಡೆ. "ಇರ್ಲಿ, ಪೂರ್ತಿ ಬಿಚ್ಚಿ ನೋಡ್ತೀನಿ, ಶನಿವಾರ ಬಾ" ಅಂದೆ. "ನೋಡೋಕೆ ಇನ್ನೇನಿದೆ?" ಅಂದಳು. "ಬಿಚ್ಚದೆ ಹೇಳಿದ್ದು ತಪ್ಪಾಯ್ತು. ಶನಿವಾರ ಬಾ ಅಂದೆ ಅಲ್ವಾ" ಅಂತ ಗದರಿದೆ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಆಕೆಯ ಅಮ್ಮನನ್ನು ನಾನು ಕಳ್ಳಿ ಅಂದದ್ದು ಅದು ಎರಡನೇ ಸಲ. ಮೊದಲನೆಯದು ಹದಿಮೂರು ವರ್ಷದವನಿದ್ದಾಗ, ಶಾಲೆಯ ಮೆಟ್ಟಿಲ ಮೇಲೆ. "ಟಿಕ್ ಟಿಕ್ ಕಳ್ಳಿ ಮಗಳು" ಅಂತ ರಾಗ ಕಟ್ಟಿದವನು ನಾನೇ. ನಮ್ಮ ಶಾಲೆ ಆ ರಾಗವನ್ನು ಮೂರು ವರ್ಷ ಹಾಡಿತು. ಅದನ್ನು ಯಾರು ಶುರುಮಾಡಿದರು ಅನ್ನುವುದು ಎಲ್ಲರಿಗೂ ಮರೆತುಹೋಗಿದೆ ಅಂತ ನಾನು ನಲವತ್ತು ವರ್ಷ ನಂಬಿಕೊಂಡು ಬಂದೆ.

ಮಧ್ಯಾಹ್ನವೇ ಯಂತ್ರ ಹೊರತೆಗೆದು ಬಿಚ್ಚತೊಡಗಿದೆ. ತಳದ ತಟ್ಟೆಯ ಅಂಚಿನಲ್ಲಿ, ಕವಚದೊಳಗೆ ಮುಚ್ಚಿಹೋಗಿದ್ದ ಕಡೆ, ಅರದಿಂದ ಎಳೆದ ಒಂದು ಕಚ್ಚು ಕಂಡಿತು. ಯಾವನೋ ಕೈಲಾಗದವನು ಚಾಕು ಜಾರಿಸಿದ್ದಾನೆ ಅಂದುಕೊಂಡೆ. ಚಕ್ರಗಳನ್ನು ಹಿಡಿದಿಡುವ ಮೇಲಿನ ಲೋಹದ ಪಟ್ಟಿ ಬಿಚ್ಚಿದೆ, ಅದರ ಒಳಮೈಯಲ್ಲೂ ಒಂದು ಕಚ್ಚು. ಇನ್ನೊಂದು ಪಟ್ಟಿ, ಇನ್ನೊಂದು ಕಚ್ಚು. ಒಂದೊಂದು ಹಲ್ಲುಚಕ್ರದ ಕಡ್ಡಿಯ ಮೇಲೂ ಒಂದೊಂದು ಗೀರು. ಎಲ್ಲವೂ ಎಡಕ್ಕೆ ವಾಲಿದವು. ಆಗ ನನ್ನ ತಲೆಗೆ ಹೊಳೆದು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತುಬಿಟ್ಟೆ.

ಅದು ತಿರಸ್ಕಾರದ ಗುರುತು. ಕಾರ್ಖಾನೆಯಲ್ಲಿ ತಪಾಸಣೆ ಮಾಡುವವನು ರಂಧ್ರ ಓರೆಯಾದದ್ದು, ಹಲ್ಲು ಸವೆದದ್ದು, ಬಾಗಿದ್ದು ಕಂಡರೆ ಒಂದು ಕಚ್ಚು ಹೊಡೆದು ಡಬ್ಬಿಗೆ ಎಸೆಯುತ್ತಿದ್ದ. ಕಚ್ಚು ಬಿದ್ದದ್ದಕ್ಕೆ ನಂಬರ್ ಬೀಳುವುದಿಲ್ಲ. ಹೀಗೂ ಒಂದು ಯಂತ್ರ ನಂಬರಿಲ್ಲದೆ ಉಳಿಯಬಹುದು ಅಂತ ನನಗೆ, ಈ ಊರಲ್ಲಿ ಯಾರಿಗೇ ಆಗಲಿ, ಯಾಕೆ ತೋಚಬೇಕು? ಎಸೆದ ಕಸ ಆಯ್ದು ಯಾರಾದರೂ ವಾಚು ಕಟ್ಟುತ್ತಾರೆಯೇ? ಒಂದು ಭಾಗ ಕೂದಲೆಳೆಯಷ್ಟು ಸೊಟ್ಟಗಿದ್ದರೆ ವಾಚು ನಿಲ್ಲುತ್ತದೆ. ಇಲ್ಲಿ ನೆಟ್ಟಗಿದ್ದ ಒಂದೇ ಒಂದು ಭಾಗವೂ ಇರಲಿಲ್ಲ.

ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಔಷಧಿ ಅಂಗಡಿಯವನ ಹೆಂಡತಿ ಗೋಡೆ ಗಡಿಯಾರ ತಂದರೆ, "ಹೋಗಮ್ಮ, ಇಲ್ಲಿ ಪೂಜೆ ನಡೀತಿದೆ" ಅಂತ ಬಾಗಿಲಲ್ಲೇ ವಾಪಸು ಕಳಿಸಿದೆ. ಓರೆಯಾಗಿ ಕೊರೆದ ರಂಧ್ರವನ್ನು ಎಡ್ಮೆ ಒಂದು ಕಡೆಯಿಂದ ಉಜ್ಜಿ, ಚಕ್ರದ ಅಚ್ಚು ತಿರುಗುವ ಹರಳನ್ನು ಮತ್ತೆ ಕೂರಿಸಿ ನೇರ ಮಾಡಿದ್ದಳು. ತೂಗುಚಕ್ರದ ಕೆಳಅಂಚಿಗೂ ಕಚ್ಚು ಬಿದ್ದಿತ್ತು. ಅಲ್ಲಿಗೆ ಅದು ಸತ್ತ ಹಾಗೆಯೇ, ಯಾಕೆಂದರೆ ಒಂದು ಪಕ್ಕ ಹಗುರಾದ ಚಕ್ರ ತೂಗುವುದಿಲ್ಲ. ಆಕೆ ಏನು ಮಾಡಿದ್ದಳು ಗೊತ್ತೇ? ಎದುರು ಪಕ್ಕದಲ್ಲಿ ಅಷ್ಟೇ ತೂಕ, ಧೂಳಿನ ಕಣ ಕಣ ಅನ್ನುವಷ್ಟು ಸಣ್ಣಗೆ, ಹನ್ನೊಂದು ಕಡೆ ಉಜ್ಜಿ ತೆಗೆದಿದ್ದಳು. ಹನ್ನೊಂದೂ ಎಣಿಸಿದೆ. ಇನ್ನು ಆ ಸುರುಳಿ! ಮೂರು ಕಡೆ ಮುರುಟಿಹೋಗಿ ಮತ್ತೆ ನೆಟ್ಟಗಾದ ಸುರುಳಿ. ನಾನು ಇಷ್ಟು ವರ್ಷದಲ್ಲಿ ಮುರುಟಿದ ಸುರುಳಿ ಕಂಡರೆ ಕಸದ ಬುಟ್ಟಿಗೆ ಹಾಕಿ ಹೊಸದು ಹಾಕಿದವನೇ ಹೊರತು ನೆಟ್ಟಗೆ ಮಾಡಲು ಹೋದವನಲ್ಲ. ಅದೂ ಅಂಥ ಒಡೆದ ಬೆರಳಲ್ಲಿ!

ತೊಳೆದು, ಎಣ್ಣೆ ಹಾಕಿ, ಮತ್ತೆ ಜೋಡಿಸಿದೆ. ಕೀ ಕೊಟ್ಟೆ. ಚಕ್ರ ಒಮ್ಮೆ ಹಿಂಜರಿದು, ಆಮೇಲೆ ಆಡತೊಡಗಿತು. ಟಿಕ್‌ಟಿಕ್ ಸದ್ದು ಕೇಳಿ ಕಾಗದದ ಪಟ್ಟಿಯ ಮೇಲೆ ಚುಕ್ಕಿ ಹೊಡೆಯುವ ನನ್ನ ಪರೀಕ್ಷಾ ಯಂತ್ರದ ಮೇಲಿಟ್ಟೆ. ಚುಕ್ಕಿಗಳ ಸಾಲು ಓರೆಯಾದರೆ ವಾಚು ಮುಂದೆ ಓಡುತ್ತಿದೆ ಅಥವಾ ಹಿಂದೆ ಬೀಳುತ್ತಿದೆ ಅಂತ ಲೆಕ್ಕ. ಅಂಗಾತ ಮಲಗಿಸಿದೆ, ಬೋರಲು ಹಾಕಿದೆ, ನಿಲ್ಲಿಸಿದೆ, ತಲೆಕೆಳಗೆ ಮಾಡಿದೆ. ಆರು ಭಂಗಿಯಲ್ಲೂ ಪಟ್ಟಿಯ ಮೇಲೆ ಒಂದೇ ನೇರ ಗೆರೆ. ನನ್ನ ಯಂತ್ರವೇ ಕೆಟ್ಟಿದೆ ಅಂದುಕೊಂಡು ನನ್ನ ಕೈಯ ವಾಚಿಟ್ಟೆ. ಅದು ಎಂದಿನ ಹಾಗೆ ಕುಡುಕನ ನಡಿಗೆ ಬರೆಯಿತು. ಮತ್ತೆ ಎಡ್ಮೆಯದಿಟ್ಟೆ, ಮತ್ತೆ ನೇರ ಗೆರೆ. ದಿನಕ್ಕೆ ಎರಡು ಸೆಕೆಂಡಿನ ವ್ಯತ್ಯಾಸವೂ ಇಲ್ಲ. ದೊಡ್ಡ ದೊಡ್ಡ ಹೆಸರಿನ ಚಿನ್ನದ ವಾಚುಗಳು ನನ್ನ ಕೈಯಲ್ಲಿ ಹಾದುಹೋಗಿವೆ, ಇಂಥದ್ದನ್ನು ನಾನು ಕಂಡಿರಲಿಲ್ಲ. ಭೂತಗಾಜಿನೊಳಗೆ ಎಲ್ಲ ಮಂಜುಮಂಜಾಯಿತು. ಥೂ ಅಂತ ಬೈದುಕೊಂಡು ಕಣ್ಣೊರೆಸಿಕೊಂಡೆ.

ಶನಿವಾರ ಅರ್ಲೆತ್ ಅಂಚೆ ಹಂಚಿ ಮುಗಿಸಿ ಬಂದಳು. ನಾನು ಮಾತಾಡದೆ ಯಂತ್ರ ಹೊರತೆಗೆದು ಬಿಳಿ ಕಾಗದದ ಮೇಲಿಟ್ಟು, ಭೂತಗಾಜು ಅವಳ ಕೈಗೆ ಕೊಟ್ಟು, ಅಂಚಿನ ಕಚ್ಚು ತೋರಿಸಿದೆ.

ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. "ಈ ಕಚ್ಚು ನಂಗೊತ್ತು" ಅಂದಳು. "ಬುಗುರಿ ಮೇಲೆ ಇರ್ತಿತ್ತು."

ಎಲ್ಲಿಯ ಬುಗುರಿ ಅಂತ ಕೇಳಬೇಕಾಗಿರಲಿಲ್ಲ. ಆ ತಿರಸ್ಕಾರದ ಡಬ್ಬಿಯನ್ನು ಹೊಸವರ್ಷದ ಹಿಂದಿನ ದಿನ ಕಾರ್ಖಾನೆಯ ಬಾಗಿಲಲ್ಲಿ ಸುರಿಯುತ್ತಿದ್ದರು. ನಾವು ಊರ ಮಕ್ಕಳೆಲ್ಲ ಹಿಡಿಹಿಡಿ ಬಾಚಿಕೊಂಡು ಹೋಗಿ, ಹಲ್ಲುಚಕ್ರಗಳನ್ನು ಬ್ರೆಡ್ ಕೊಯ್ಯುವ ಹಲಗೆಯ ಮೇಲೆ ಬುಗುರಿ ಆಡಿಸುತ್ತಿದ್ದೆವು. ನಾನೂ ಆಡಿಸಿದವನೇ.

"ನನ್ನ ಹತ್ರ ಒಂದು ಡಬ್ಬಿ ತುಂಬ ಇತ್ತು" ಅಂದಳು ಅರ್ಲೆತ್. "ಕೆಲಸ ಹೋದ್ಮೇಲೆ ಅಮ್ಮ ಭಾನುವಾರ ಮಧ್ಯಾಹ್ನ ಆ ಡಬ್ಬಿ ಮುಂದೆ ಕೂತ್ಕೊಳ್ಳೋಳು. ಒಂದೊಂದೇ ಎತ್ತಿ ಬೆಳಕಿಗೆ ಹಿಡಿದು, 'ಇದನ್ನ ನಂಗೆ ಕೊಡ್ತೀಯಾ ಪುಟ್ಟಿ?' ಅನ್ನೋಳು. ಯಾಕೆ ಅಂದ್ರೆ 'ಸುಮ್ನೆ'. ಚೆನ್ನಾಗಿ ತಿರುಗೋದನ್ನೇ ಎತ್ಕೊಳ್ತಾಳೆ ಅಂತ ನಾನು ಎರಡು ದಿನ ಊಟ ಬಿಟ್ಟಿದ್ದೆ. ನಂಗೆ ಇಪ್ಪತ್ತು ದಾಟಿದ್ರೂ ಡಬ್ಬಿ ಬಿಸಾಕೋಕೆ ಬಿಡ್ಲಿಲ್ಲ. ಇವಳಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ."

"ಹತ್ತು ವರ್ಷದ ಕೆಲಸ ಕಣೇ ಇದು. ಜಾಸ್ತಿನೇ ಇರ್ಬೇಕು."

"ಹಾಗಾದ್ರೆ ಕದ್ದದ್ದಲ್ಲ."

"ಕದ್ದದ್ದಲ್ಲ."

"ಇನ್ನೊಂದ್ಸಲ ಹೇಳಿ."

"ಕದ್ದದ್ದಲ್ಲ ಕಣೇ! ನೂರು ಸಲ ಹೇಳ್ತೀನಿ ಬೇಕಾದ್ರೆ. ನನ್ನ ಜನ್ಮದಲ್ಲಿ ಇಂಥ ವಾಚು ನೋಡಿಲ್ಲ. ನಿಮ್ಮಮ್ಮನ ಕಾಲು ಹಿಡೀಬೇಕಿತ್ತು ಈ ಊರು."

ಅವಳು ಕುರ್ಚಿಯಲ್ಲಿ ಕುಸಿದು ಕೂತು ಅತ್ತಳು. ಜೋರಾಗಿ, ಮಕ್ಕಳ ಹಾಗೆ ಬಿಕ್ಕಿಬಿಕ್ಕಿ. ನಾನು ಕಾಫಿ ಕಾಯಿಸಿ ತಂದಿಟ್ಟೆ. ಇನ್ನು ಸುಮ್ಮನಿದ್ದರೆ ನನಗೇ ಒಳಗೆ ಸಿಡಿಯುತ್ತದೆ ಅನ್ನಿಸಿ, "ಅರ್ಲೆತ್, ಆ ಹಾಡು... ಶಾಲೇಲಿ... ಅದನ್ನ ಕಟ್ಟಿದ್ದು ನಾನು" ಅಂದೆ.

ಮೂಗೊರೆಸಿಕೊಂಡು ನನ್ನನ್ನು ನೋಡಿದಳು. "ಗೊತ್ತು" ಅಂದಳು. ಆಮೇಲೆ ನಲವತ್ತು ವರ್ಷಕ್ಕೆ ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತಾಡಿಸಿದಳು. "ಅದಕ್ಕೇ ಕಣೋ ನಿನ್ನ ಹತ್ರ ತಂದಿದ್ದು. ಪಟ್ಟಣದಲ್ಲಿ ಹತ್ತು ಜನ ರಿಪೇರಿಯವರಿದ್ದಾರೆ. ಅವ್ರು ಕದ್ದದ್ದಲ್ಲ ಅಂದ್ರೆ ನಮ್ಮೂರು ನಂಬುತ್ತಾ? ನಂಗೆ ಸಮಾಧಾನ ಹೇಳೋಕೆ ಅಂದಿದ್ದು ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ. ನೀನು ಯಾವತ್ತೂ ಯಾರಿಗೂ ಒಳ್ಳೇ ಮಾತಾಡಿದವನಲ್ಲ."

ನಾನು ಯಂತ್ರವನ್ನು ಮತ್ತೆ ಕವಚದೊಳಗೆ ಕೂರಿಸಿದೆ. ಅಷ್ಟರಲ್ಲಿ ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. "ನಾಳೆ ಚರ್ಚ್ ಮುಗಿದ್ಮೇಲೆ ಹೇಳ್ತೀಯಾ?"

"ಹೇಳ್ತೀನಿ."

ಚರ್ಚಿನ ಎದುರು ಒಂದು ಹೋಟೆಲಿದೆ. ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ ಕಾರ್ಖಾನೆಯ ಹಳಬರೆಲ್ಲ ಅಲ್ಲಿ ಇಸ್ಪೀಟಿಗೆ ಸೇರುತ್ತಾರೆ. ಮೂಲೆಯ ಮೇಜಿನಲ್ಲಿ ವೀಯ್ ಮೇಸ್ತ್ರಿ, ಎಂಬತ್ತಾರು ವರ್ಷ, ಮುಂದೆ ಬಿಳಿ ದ್ರಾಕ್ಷಾರಸದ ಲೋಟ. ಆ ಕಾಲದಲ್ಲಿ ತಪಾಸಣೆ ಅವನದು. ಯಂತ್ರ ಎಡ್ಮೆಯ ಮನೆಗೆ ಹೋಗಿದೆ ಅಂದ ಮೇಸ್ತ್ರಿಯೂ ಅವನೇ. ಅವನು ಎಡಚ, ಈಗಲೂ ಎಡಗೈಯಲ್ಲೇ ಎಲೆ ಎಸೆಯುತ್ತಾನೆ. ಅರ್ಲೆತ್ ನನ್ನ ಹಿಂದೆ ಬಂದು ನಿಂತಳು.

ಇಸ್ಪೀಟೆಲೆ ಪಕ್ಕಕ್ಕೆ ಸರಿಸಿ, ಬಿಳಿ ಕಾಗದ ಹಾಸಿ, ಓಡುತ್ತಿದ್ದ ಯಂತ್ರವನ್ನು ಮುಳ್ಳು ಡಯಲ್ಲು ಸಮೇತ ಕವಚದಿಂದ ತೆಗೆದು ಅದರ ಮೇಲಿಟ್ಟೆ.

"ಏನಯ್ಯಾ ಇದು, ಆಟ ಕೆಡಿಸ್ತೀಯಾ?" ಅಂದ ವೀಯ್ ಮೇಸ್ತ್ರಿ.

"ಅಂಚು ನೋಡಿ ಮೇಸ್ತ್ರಿಗಳೇ. ಈ ಕಚ್ಚು ಯಾರದು?"

ಭೂತಗಾಜು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ. ನಿದ್ದೆ ಹೋದನೇನೋ ಅನ್ನಿಸುವಷ್ಟು ಹೊತ್ತಾಯಿತು. "ನಂದೇ" ಅಂದ ಕೊನೆಗೆ. "ಎಡಗೈ ಕಚ್ಚು."

"ಒಳಗಿರೋದೆಲ್ಲ ನಿಮ್ಮ ಕಚ್ಚೇ. ನೀವು ಎಸೆದದ್ದು. ಮಗು ಬುಗುರಿ ಆಡಿದ್ದು. ಎಡ್ಮೆ ಕಲಾಮ್ ಬಟ್ಟೆ ಒಗೀತಾ ಒಗೀತಾ ಜೋಡಿಸಿದ್ದು" ಅಂದೆ. ಜೇಬಿನಿಂದ ಕಾಗದದ ಪಟ್ಟಿ ತೆಗೆದು ಮೇಜಿನುದ್ದಕ್ಕೂ ಬಿಡಿಸಿದೆ. "ಆರು ಭಂಗಿ. ನೋಡ್ಕೊಳ್ಳಿ. ಈ ಹೆಂಗಸನ್ನ ನಾವು ಕಳ್ಳಿ ಅಂದ್ವಿ. ನಾನು ಅಂದೆ, ನೀವಂದ್ರಿ, ಎಲ್ರೂ ಅಂದ್ವಿ."

ಅಲ್ಲಿದ್ದವರೆಲ್ಲ ಒಂದು ಜನ್ಮ ವಾಚಿನಲ್ಲಿ ಕಳೆದವರು. ಆ ನೇರ ಗೆರೆ ಏನು ಹೇಳುತ್ತದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಟ್ಟಿ ಕೈಯಿಂದ ಕೈಗೆ ಹೋಯಿತು. ಒಬ್ಬ "ದೇವರೇ" ಅಂದ. ಇನ್ನೊಬ್ಬ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅರ್ಲೆತ್ ಮುಂದೆ ಬಂದಳು. "ಹಾಗಾದ್ರೆ ಆ ಕಳೆದುಹೋದ ಯಂತ್ರ ಯಾರ ಹತ್ರ ಹೋಯ್ತು, ಮೇಸ್ತ್ರಿಗಳೇ?"

"ಗೊತ್ತಿಲ್ಲ ಮಗಳೇ" ಅಂದ ಮುದುಕ. ಲೋಟ ದೂರ ಸರಿಸಿದ. "ಆವತ್ತೂ ಗೊತ್ತಿರಲಿಲ್ಲ."

ವೀಯ್ ಮೇಸ್ತ್ರಿ ನಿಧಾನವಾಗಿ ಅಂಗಿಯ ತೋಳು ಮಡಿಸಿದ. ಅವನ ಮಣಿಕಟ್ಟಿನಲ್ಲಿ ನಿವೃತ್ತಿಯ ದಿನ ಕಾರ್ಖಾನೆ ಕೊಟ್ಟ ಚಿನ್ನದ ವಾಚಿತ್ತು. ನಮ್ಮೂರಲ್ಲಿ ವಾಚಿನ ಕೆಲಸದವನು ಇನ್ನೊಬ್ಬರ ವಾಚು ನೋಡಿ ತನ್ನದನ್ನು ತಿದ್ದಿಕೊಳ್ಳುವುದಿಲ್ಲ. ಸತ್ತರೂ ಇಲ್ಲ. ನಿನ್ನ ಕೈ ನನ್ನ ಕೈಗಿಂತ ದೊಡ್ಡದು ಅಂತ ಒಪ್ಪಿಕೊಂಡ ಹಾಗೆ ಅದು. ಮುದುಕ ಚಿನ್ನದ ವಾಚಿನ ಕೀ ಹೊರಗೆಳೆದು, ಮುಳ್ಳು ನಿಲ್ಲಿಸಿ, ಅರ್ಲೆತ್ ಕಡೆ ನೋಡಿದ.

"ನಿಮ್ಮಮ್ಮನದ್ರಲ್ಲಿ ಈಗ ಎಷ್ಟಮ್ಮ?"

ಅರ್ಲೆತ್ ಕಣ್ಣೊರೆಸಿಕೊಂಡು ಕಾಗದದ ಮೇಲೆ ಬಗ್ಗಿದಳು. "ಹನ್ನೊಂದು ಗಂಟೆ ನಲವತ್ತೆರಡು ನಿಮಿಷ" ಅಂದಳು.

ಮುದುಕ ಮುಳ್ಳು ತಿರುಗಿಸಿಕೊಂಡ. ಪಕ್ಕದವನು ತನ್ನ ವಾಚು ಬಿಚ್ಚಿದ. ಅವನ ಪಕ್ಕದವನೂ ಬಿಚ್ಚಿದ. ನಾನೂ ನನ್ನ ವಾಚಿನ ಕೀ ಎಳೆದೆ.